ಬೇಸಿಗೆಯಲ್ಲಿ ಮಾಡಿಸಿದ ವೀರ್ಯ ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ತುಂಗಭದ್ರಾ ದಂಡೆ

ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ಮೂರು ವರ್ಷ. ಗಂಗಾವತಿ ಸಮೀಪದ ಅಕ್ಕಿ ಗಿರಣಿಯೊಂದರಲ್ಲಿ, ಭತ್ತವನ್ನು ಹಬೆಯಲ್ಲಿ ಬೇಯಿಸುವ ವಿಭಾಗದ ಮೇಲ್ವಿಚಾರಕನಾಗಿದ್ದೇನೆ. ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗದಿದ್ದುದರಿಂದ ಮೇ ತಿಂಗಳ ಕೊನೆಯಲ್ಲಿ ವೀರ್ಯ ಪರೀಕ್ಷೆ ಮಾಡಿಸಿದೆ. ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 11 ಮಿಲಿಯನ್ ಎಂದೂ ಒಟ್ಟು ಚಲನಶೀಲತೆ, ಅಂದರೆ ಚಲಿಸುತ್ತಿರುವ ವೀರ್ಯಾಣುಗಳ ಪಾಲು, ಶೇ. 35 ಎಂದೂ ವರದಿ ಬಂದಿದೆ. ಅದೇ ದಿನ ಸಂಜೆ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 280 ನ್ಯಾನೋಗ್ರಾಂ ಇದೆ.

ವರದಿಯನ್ನು ನೋಡಿದ ನಮ್ಮ ಭಾವ, "ಬಿಸಿಲುಗಾಲದಲ್ಲಿ ಯಾರಿಗಾದರೂ ಹೀಗೇ ಬರುತ್ತದೆ, ದೀಪಾವಳಿ ಕಳೆಯಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಜಿಮ್ಮಿಗೆ ಹೋಗುವ ಗೆಳೆಯನೊಬ್ಬ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡರೆ ಎರಡೂ ಸರಿಹೋಗುತ್ತವೆ ಎಂದು ಒತ್ತಾಯಿಸುತ್ತಿದ್ದಾನೆ. ಗಂಡಸರ ಸಂತಾನಶಕ್ತಿಯಲ್ಲಿ ಋತುವಿಗೆ ತಕ್ಕಂತೆ ನಿಜವಾಗಿಯೂ ಏರಿಳಿತ ಇರುತ್ತದೆಯೇ? ಇದ್ದರೆ, ನನ್ನ ವರದಿಯನ್ನು ಅದರ ಲೆಕ್ಕಕ್ಕೆ ಬರೆದುಬಿಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಸೂಕ್ಷ್ಮದರ್ಶಕ

ನಾನು ಪ್ರಯೋಗಾಲಯ ತಂತ್ರಜ್ಞ. ಋತುವಿನ ಮಾತಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆ. ಮಾದರಿಯನ್ನು ಪ್ರಯೋಗಾಲಯದಲ್ಲೇ ಕೊಟ್ಟಿರೋ, ಮನೆಯಿಂದ ತಂದಿರೋ? ತಂದಿದ್ದರೆ ಹೇಗೆ ತಂದಿರಿ?

ತುಂಗಭದ್ರಾ ದಂಡೆ

ಅಲ್ಲಿ ಪ್ರತ್ಯೇಕ ಕೋಣೆ ಇಲ್ಲವೆಂದು ಡಬ್ಬಿ ಕೊಟ್ಟು ಕಳಿಸಿದ್ದರು ಸರ್. ಮನೆಯಲ್ಲಿ ಸಂಗ್ರಹಿಸಿ, ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ತಂದೆ. ದಾರಿಯಲ್ಲಿ ಮುಕ್ಕಾಲು ಗಂಟೆಯ ಮೇಲಾಯಿತು. ಅಲ್ಲಿ ತಲುಪಿದ ಮೇಲೂ ಕಾಯಬೇಕಾಯಿತು.

ಸೂಕ್ಷ್ಮದರ್ಶಕ

ಹಾಗಾದರೆ ಚಲನಶೀಲತೆಯ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿಯ ಒಳಗೆ ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಶಾಖವಿರುತ್ತದೆ, ಅಂಥ ಕಡೆ ಇಟ್ಟ ವೀರ್ಯಾಣುಗಳು ಮಂಕಾಗುವುದರಲ್ಲಿ ಆಶ್ಚರ್ಯವಿಲ್ಲ. ಮಾದರಿಯನ್ನು ದೇಹದ ಶಾಖಕ್ಕೆ ಹತ್ತಿರವಿಟ್ಟುಕೊಂಡು, ಅಂದರೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಅರ್ಧ ಗಂಟೆಯೊಳಗೆ, ತಡವೆಂದರೂ ಒಂದು ಗಂಟೆಯೊಳಗೆ ಪರೀಕ್ಷೆಯ ಮೇಜಿಗೆ ತಲುಪಿಸಬೇಕು. ಐಸ್ ಇಟ್ಟು ತರುವವರೂ ಇದ್ದಾರೆ, ಅದೂ ತಪ್ಪು.

ನಮ್ಮ ಕೆಲಸ ಹೀಗೆ ನಡೆಯುತ್ತದೆ: ವೀರ್ಯ ಮೊದಲು ಅಂಟಂಟಾಗಿರುತ್ತದೆ, ಅದು ತಾನಾಗಿ ನೀರಾಗುವವರೆಗೆ, ಸಾಮಾನ್ಯವಾಗಿ ಅರ್ಧ ಗಂಟೆ, 37 ಡಿಗ್ರಿಯಲ್ಲಿಟ್ಟು ಕಾಯುತ್ತೇವೆ. ಚೆನ್ನಾಗಿ ಕಲಸಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಚಲನೆ ನೋಡುತ್ತೇವೆ. ಬಳಿಕ ಇನ್ನೊಂದು ಪಾಲನ್ನು ತೆಳುಗೊಳಿಸಿ, ಗೆರೆ ಕೊರೆದ ನ್ಯೂಬಾರ್ ಗಾಜಿನ ಚೌಕಗಳಲ್ಲಿ ಎರಡು ಸಲ, ಪ್ರತಿ ಸಲ ಕನಿಷ್ಠ 200 ವೀರ್ಯಾಣುಗಳಂತೆ ಎಣಿಸಬೇಕು. ಎರಡು ಎಣಿಕೆಗಳು ಹೊಂದದಿದ್ದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಜನಜಂಗುಳಿ ಇರುವ ಕಡೆ ಇಷ್ಟು ತಾಳ್ಮೆ ಇರುವುದಿಲ್ಲವೆಂಬುದು ನಮ್ಮವರಿಗೆಲ್ಲ ಗೊತ್ತಿರುವ ಗುಟ್ಟು. ಸ್ಖಲನವಿಲ್ಲದೆ ಎಷ್ಟು ದಿನ ಕಳೆದಿತ್ತು ಎಂಬುದನ್ನೂ ವರದಿಯಲ್ಲಿ ಬರೆದಿರಬೇಕು. ಎರಡರಿಂದ ಏಳು ದಿನದ ಅಂತರ ಇರಬೇಕೆಂಬುದು ನಿಯಮ. ನಿಮ್ಮ ವರದಿಯಲ್ಲಿ ಆ ಸಾಲು ಇದೆಯೇ ನೋಡಿ.

ಅಂತಃಸ್ರಾವ

ನಾನು ಹಾರ್ಮೋನುಗಳ ವೈದ್ಯ. ತುಂಗಭದ್ರಾ ದಂಡೆಯವರೇ, ಮೊದಲು ನಿಮ್ಮ ಗೆಳೆಯನ ಸಲಹೆಯ ವಿಷಯ. ಆ ಇಂಜೆಕ್ಷನ್ನನ್ನು ಯಾವ ಕಾರಣಕ್ಕೂ ಹಾಕಿಸಿಕೊಳ್ಳಬೇಡಿ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಸುರಿಸುತ್ತದೆ. ಎಲ್‌ಎಚ್ ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಾಗುವಂತೆ ಮಾಡುತ್ತದೆ, ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಪೋಷಿಸುವ ಜೀವಕೋಶಗಳನ್ನು ಚುರುಕುಗೊಳಿಸುತ್ತದೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ಪಿಟ್ಯುಟರಿಯು ಇನ್ನು ತನ್ನ ಕೆಲಸ ಬೇಕಿಲ್ಲವೆಂದು ಎರಡನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ತುಂಬಿ ತುಳುಕುತ್ತಿದ್ದರೂ ವೃಷಣದ ಒಳಗೆ, ಅದು ನಿಜವಾಗಿ ಬೇಕಾದ ಜಾಗದಲ್ಲಿ, ಬರಿದಾಗುತ್ತದೆ. ಹೀಗೆ ವೀರ್ಯಾಣುಗಳು ಪೂರ್ತಿ ಇಲ್ಲವಾದವರನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತಲೇ ಇರುತ್ತೇವೆ. ಗಂಡಸರ ಗರ್ಭನಿರೋಧಕವಾಗಿ ಟೆಸ್ಟೋಸ್ಟಿರಾನನ್ನು ಪ್ರಯೋಗಿಸಿ ನೋಡಿರುವುದೂ ಇದೇ ಗುಣದ ಮೇಲೆ.

ಎರಡನೆಯದು, ಸಂಜೆ ಕೊಟ್ಟ ರಕ್ತದ 280 ಎಂಬ ಅಂಕಿ. ಟೆಸ್ಟೋಸ್ಟಿರಾನ್ ಮುಂಜಾನೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ಈ ದಿನದೊಳಗಿನ ಇಳಿತವೇ, ಅದರಲ್ಲೂ ನಿಮ್ಮ ವಯಸ್ಸಿನವರಲ್ಲಿ, ಋತುಗಳ ಏರಿಳಿತವೆಂದು ಹೇಳಲಾಗುವುದನ್ನು ನುಂಗಿಹಾಕುವಷ್ಟು ದೊಡ್ಡದಿರಬಹುದು. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಪರೀಕ್ಷಿಸದೆ ಕೊರತೆ ಇದೆಯೆಂದು ಹೇಳುವಂತಿಲ್ಲ.

ಇನ್ನು ಋತುವಿನ ವಿಷಯ. ಹಾರ್ಮೋನುಗಳ ಮಟ್ಟಿಗೆ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ನಾರ್ವೆಯ ಉತ್ತರದ ಟ್ರೋಮ್ಸೋ ಪಟ್ಟಣದ 1,548 ಗಂಡಸರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅಲ್ಲಿ ಒಟ್ಟು ಟೆಸ್ಟೋಸ್ಟಿರಾನ್ ಅಕ್ಟೋಬರ್-ನವೆಂಬರಿನಲ್ಲಿ ಏರಿ, ಬೇಸಿಗೆಯಲ್ಲಿ ಇಳಿದಿತ್ತು. ಮುಕ್ತ ಟೆಸ್ಟೋಸ್ಟಿರಾನಿನ, ಅಂದರೆ ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳದೆ ಉಳಿದ ಭಾಗದ, ತಿಂಗಳ ಸರಾಸರಿಗಳಲ್ಲಿ ಅತಿ ಕಡಿಮೆಗೂ ಅತಿ ಹೆಚ್ಚಿಗೂ ಶೇ. 31ರ ಅಂತರ ಕಂಡುಬಂದಿತ್ತು. ಅದೇ ವರ್ಷ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, 27 ಆರೋಗ್ಯವಂತ ಗಂಡಸರನ್ನು ಹದಿನೇಳು ತಿಂಗಳ ಕಾಲ ತಿಂಗಳು ತಿಂಗಳೂ ಪರೀಕ್ಷಿಸಿದಾಗ, ಎಲ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಜೂನ್-ಜುಲೈಯಲ್ಲಿ ಮೇಲಿದ್ದು, ಚಳಿಗಾಲ ಮತ್ತು ವಸಂತದ ಆರಂಭದಲ್ಲಿ ಕೆಳಗಿದ್ದವು. ಒಂದಕ್ಕೊಂದು ತದ್ವಿರುದ್ಧ! ಮೂರನೆಯದು ಅಮೆರಿಕದ ಸ್ಯಾನ್ ಡಿಯಾಗೋದ್ದು, ವರ್ಷವಿಡೀ ಹಿತವಾದ ಹವೆಯಿರುವ ಊರು. ಅಲ್ಲಿ ಟ್ರೋಮ್ಸೋ ಅಧ್ಯಯನದ ಸಂಶೋಧಕರೇ ಜೊತೆಗೂಡಿ ನೋಡಿದರೂ ಏರಿಳಿತವೇ ಸಿಗಲಿಲ್ಲ.

ಟ್ರೋಮ್ಸೋದಲ್ಲಿ ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ, ಚಳಿಗಾಲದ ನಡುವೆ ಹುಟ್ಟುವುದೇ ಇಲ್ಲ. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೂವರೆ ಗಂಟೆ. ಹಗಲಿನ ಉದ್ದವನ್ನು ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಮೂಲಕ ಅಳೆಯುವ ವ್ಯವಸ್ಥೆ ನಮ್ಮ ಮಿದುಳಿನಲ್ಲೂ ಇದೆಯಾದರೂ, ಇಷ್ಟು ಸಣ್ಣ ವ್ಯತ್ಯಾಸದಿಂದ ಗಂಗಾವತಿಯ ಗಂಡಸಿನ ಟೆಸ್ಟೋಸ್ಟಿರಾನ್ ಮೇಲೆ ಕೆಳಗಾಗುತ್ತದೆಂದು ನಾನು ನಂಬಲಾರೆ. ಕೆಲವರು ಬಿಸಿಲಿನಿಂದ ಸಿಗುವ ವಿಟಮಿನ್ ಡಿಯನ್ನು ಮುಂದೆ ತರುತ್ತಾರೆ. 2010ರಲ್ಲಿ ಪ್ರಕಟವಾದ 2,299 ಗಂಡಸರ ಅಧ್ಯಯನದಲ್ಲಿ ವಿಟಮಿನ್ ಡಿ ಮತ್ತು ಟೆಸ್ಟೋಸ್ಟಿರಾನ್ ಎರಡೂ ಆಗಸ್ಟಿನಲ್ಲಿ ಏರಿ ಮಾರ್ಚಿನಲ್ಲಿ ಇಳಿದದ್ದು ನಿಜ. ಆದರೆ ಮುಂದೆ ಆರೋಗ್ಯವಂತರಿಗೆ ವಿಟಮಿನ್ ಡಿ ಕೊಟ್ಟು ನೋಡಿದ ಪ್ರಯೋಗದಲ್ಲಿ ಟೆಸ್ಟೋಸ್ಟಿರಾನ್ ಏರಲಿಲ್ಲ.

ಅಂಕಿಅಂಶ

ವೈದ್ಯರು ಹಾರ್ಮೋನಿನ ಕಡೆಯನ್ನು ಹೇಳಿದ್ದಾರೆ. ವೀರ್ಯಾಣುಗಳ ಸಂಖ್ಯೆಯ ವಿಷಯದಲ್ಲಿ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿ ಹೊರಾಂಗಣದಲ್ಲಿ ದುಡಿಯುವ 131 ಗಂಡಸರನ್ನು ಚಳಿಗಾಲ ಮತ್ತು ಬೇಸಿಗೆ ಎರಡರಲ್ಲೂ ಪರೀಕ್ಷಿಸಿದಾಗ, ವೀರ್ಯಾಣುಗಳ ಸಾಂದ್ರತೆ ಬೇಸಿಗೆಯಲ್ಲಿ ಸರಾಸರಿ ಶೇ. 32ರಷ್ಟು ಕುಸಿದಿತ್ತು. ಇಸ್ರೇಲಿನ ಬೀರ್‌ಶೇಬಾದಲ್ಲಿ 6,455 ಮಾದರಿಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟಿಸಿದ ವರದಿಯೂ ಚಳಿಗಾಲ ಮತ್ತು ವಸಂತದ ಮಾದರಿಗಳೇ ಉತ್ತಮವೆಂದು ಹೇಳಿತು.

ಇದಕ್ಕೆ ಬಿಸಿಲೇ ಕಾರಣವೆಂದು ಯಾರಿಗಾದರೂ ಅನ್ನಿಸುವುದು ಸಹಜ. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ತೂಗುವುದೇ ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲೆಂದು. ಆದರೆ ಸ್ಯಾನ್ ಆಂಟೋನಿಯೋ ಅಧ್ಯಯನ ನಡೆಸಿದ ಸಂಶೋಧಕರೇ ಹವಾನಿಯಂತ್ರಿತ ವಾತಾವರಣದಲ್ಲಿರುವವರನ್ನೂ ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲೂ ಬೇಸಿಗೆಯ ಕುಸಿತ ತಪ್ಪಿರಲಿಲ್ಲ. ಈ ಒಂದು ಫಲಿತಾಂಶ ಬಿಸಿಲಿನ ಸುಲಭ ವಿವರಣೆಯನ್ನು ಅಲ್ಲಾಡಿಸಿಬಿಡುತ್ತದೆ, ಆದರೂ ಜನಪ್ರಿಯ ಲೇಖನಗಳಲ್ಲಿ ಇದರ ಪ್ರಸ್ತಾಪ ಬರುವುದು ಅಪರೂಪ.

ಇನ್ನು ಮಕ್ಕಳು ಹೆಚ್ಚು ಹುಟ್ಟುವ ತಿಂಗಳುಗಳನ್ನು ಹಿಡಿದು, ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ, ಗಂಡಸರ ಶಕ್ತಿಯ ಋತುವನ್ನು ಕಂಡುಹಿಡಿಯುವವರಿದ್ದಾರೆ. ಅಮೆರಿಕದ ಹಲವು ದಶಕಗಳ ದಾಖಲೆಗಳಲ್ಲಿ ಅತಿ ಬಿಸಿಲಿನ ದಿನಗಳಾದ ಎಂಟರಿಂದ ಹತ್ತು ತಿಂಗಳ ಬಳಿಕ ಹುಟ್ಟುಗಳು ಕಡಿಮೆಯಾಗುವುದು, ಮುಂದಿನ ತಿಂಗಳುಗಳಲ್ಲಿ ಒಂದಿಷ್ಟು ತುಂಬಿಕೊಳ್ಳುವುದು ಕಾಣುತ್ತದೆ. ನಮ್ಮಲ್ಲಿ ಈ ಲೆಕ್ಕ ನಡೆಯುವುದು ಕಷ್ಟ. ಹಳೆಯ ಶಾಲಾ ದಾಖಲೆಗಳ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಮೇಷ್ಟ್ರು ಸೇರ್ಪಡೆಯ ದಿನ ಬರೆದುಕೊಂಡ ತಾರೀಖು ಅದು. ದಾಖಲೆ ಸರಿಯಿದ್ದರೂ ಆಷಾಢವೊಂದಿದೆ. ಹೊಸ ಮದುಮಗಳು ಆ ತಿಂಗಳು ತವರಿಗೆ ಹೋಗುತ್ತಾಳೆ. ಆಷಾಢದಲ್ಲಿ ಗರ್ಭ ನಿಂತರೆ ಸುಡುಬೇಸಿಗೆಯಲ್ಲಿ ಹೆರಿಗೆಯಾಗುತ್ತದೆಂಬುದು ಹಿರಿಯರು ಅದಕ್ಕೆ ಕೊಡುವ ಕಾರಣ. ಅಲ್ಲಿಗೆ, ಮಾರ್ಚ್-ಏಪ್ರಿಲಿನಲ್ಲಿ ಚೊಚ್ಚಲ ಹೆರಿಗೆ ಕಡಿಮೆಯಾದರೆ ಅದರಲ್ಲಿ ವೀರ್ಯಾಣುಗಳ ಪಾತ್ರ ಎಷ್ಟು, ಅತ್ತೆಯವರ ಪಾತ್ರ ಎಷ್ಟು ಎಂದು ಬಿಡಿಸುವವರು ಯಾರು?

ಮೂಡುಬಿದಿರೆ

ಅಂಕಿಅಂಶದವರ ಮಾತಿಗೆ ಒಂದು ಸೇರ್ಪಡೆ. ನಾನು ಸೌದಿಯ ದಮ್ಮಾಮಿನಲ್ಲಿ ಕಟ್ಟಡ ಕೆಲಸದ ಉಸ್ತುವಾರಿಯಲ್ಲಿದ್ದೇನೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳ ಹುಟ್ಟಿದ ತಿಂಗಳು ಅಪ್ಪನಿಗೆ ರಜೆ ಸಿಕ್ಕಿದ ತಿಂಗಳನ್ನು ಹೇಳುತ್ತದೆಯೇ ಹೊರತು ಋತುವನ್ನಲ್ಲ.

ಗೋಶಾಲೆ

ನಾನು ಪಶುವೈದ್ಯ. ಹೋರಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ, ಏಕೆಂದರೆ ಅಲ್ಲಿ ವಾರವಾರವೂ ವೀರ್ಯ ಸಂಗ್ರಹವಾಗುತ್ತದೆ. ಹೆಸರಘಟ್ಟದಂಥ ಘನೀಕೃತ ವೀರ್ಯ ಕೇಂದ್ರಗಳ ವಿಷಯ ಬಲ್ಲವರಿಗೆ ಬೇಸಿಗೆಯೆಂದರೆ ಏನೆಂದು ಗೊತ್ತು. ಕಾಲು ಮಿಲಿಲೀಟರಿನ ಕಡ್ಡಿಯಂಥ ಸಣ್ಣ ಕೊಳವೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ವೀರ್ಯವನ್ನು ಕರಗಿಸಿದಾಗ ಕನಿಷ್ಠ ಶೇ. 50ರಷ್ಟು ವೀರ್ಯಾಣುಗಳಾದರೂ ಮುಂದಕ್ಕೆ ಚಲಿಸುತ್ತಿರಬೇಕು, ಇಲ್ಲವಾದರೆ ಆ ಸಂಗ್ರಹವನ್ನೇ ಚೆಲ್ಲಬೇಕು. ಬಿಸಿಲೇರಿದಂತೆ ಹೀಗೆ ಚೆಲ್ಲುವುದು ಹೆಚ್ಚು. ನಾಟಿ ಹೋರಿಗಳಿಗಿಂತ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿ ಮತ್ತು ಅದರ ಮಿಶ್ರತಳಿಗಳಲ್ಲಿ ಇನ್ನೂ ಹೆಚ್ಚು. ಕೊಟ್ಟಿಗೆಯಲ್ಲಿ ಫ್ಯಾನು, ನೀರು ಚಿಮುಕಿಸುವ ಕೊಳವೆಗಳನ್ನು ಹಾಕುವುದು ಅದಕ್ಕಾಗಿಯೇ.

ಕಾರಣ ಶಾಖವೇ ಎಂಬುದನ್ನು ನೇರವಾಗಿ ತೋರಿಸಿದ ಪ್ರಯೋಗವಿದೆ. ಹೋರಿಯ ವೃಷಣಚೀಲಕ್ಕೆ 48 ಗಂಟೆ ಶಾಖ ಹೊರಹೋಗದಂತೆ ಹೊದಿಕೆ ಸುತ್ತಿ ತೆಗೆದರೆ, ಮರುದಿನದ ವೀರ್ಯ ನೋಡಲು ಚೆನ್ನಾಗಿಯೇ ಇರುತ್ತದೆ. ತಲೆ, ಬಾಲ ವಿಕಾರವಾದ ವೀರ್ಯಾಣುಗಳು ಕಾಣಿಸಿಕೊಳ್ಳುವುದು ಒಂದೆರಡು ವಾರ ಕಳೆದ ಮೇಲೆ. ಈ ತಡ ನಿಮ್ಮ ವಿಷಯದಲ್ಲೂ ಮುಖ್ಯ.

ಹಗಲಿನ ಉದ್ದದ ಬಗ್ಗೆಯೂ ಒಂದು ಮಾತು. ಸ್ಕಾಟ್ಲೆಂಡಿನ ಸೋಯೇ ಟಗರುಗಳ ವೃಷಣಗಳು ದೀರ್ಘ ಹಗಲಿನ ಕಾಲದಲ್ಲಿ ಕುಗ್ಗಿಬಿಡುತ್ತವೆ. ನಮ್ಮ ಬನ್ನೂರು ಟಗರಿಗೆ ಅಂಥ ಕಟ್ಟುಪಾಡಿಲ್ಲ. ಎಮ್ಮೆ ಇವೆರಡರ ನಡುವಿನದು: ಬೇಸಿಗೆಯಲ್ಲಿ ಮೂಕ ಬೆದೆ ಹೆಚ್ಚು, ದಿನ ಚಿಕ್ಕದಾಗಿ ತಂಪಾದ ಮೇಲೆ ಬೆದೆ ಚೆನ್ನಾಗಿ ಗೊತ್ತಾಗುತ್ತದೆ. ಮನುಷ್ಯ ಎಮ್ಮೆಗಿಂತಲೂ ಬನ್ನೂರು ಟಗರಿಗೇ ಹತ್ತಿರವೆಂದು ನನ್ನ ಎಣಿಕೆ, ವೈದ್ಯರು ತಿದ್ದಬಹುದು.

ಅಂತಃಸ್ರಾವ

ತಿದ್ದುವಂಥದ್ದೇನಿಲ್ಲ. ಗೋಶಾಲೆಯವರು ಹೇಳಿದ ತಡವನ್ನು ಮನುಷ್ಯರಿಗೆ ಹೊಂದಿಸಿ ಹೇಳುತ್ತೇನೆ. ಒಂದು ವೀರ್ಯಾಣು ಮೂಲಕೋಶದಿಂದ ಹೊರಟು ಪೂರ್ತಿ ರೂಪುಗೊಳ್ಳಲು ಸುಮಾರು 74 ದಿನ ಬೇಕು, ನಂತರ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಹಾದು ಬಲಿಯಲು ಇನ್ನೂ ಕೆಲವು ದಿನ, ಹೆಚ್ಚೆಂದರೆ ಎರಡು ವಾರ. ಮೇ ಕೊನೆಯಲ್ಲಿ ಕೊಟ್ಟ ಮಾದರಿಯ ಹುಟ್ಟು ಮಾರ್ಚಿನ ಆರಂಭದ್ದು, ಅದರ ಬೆಳವಣಿಗೆಯೆಲ್ಲ ಏಪ್ರಿಲ್-ಮೇ ಬಿಸಿಲಿನದ್ದು. ಆದ್ದರಿಂದ ವರದಿಯ ದಿನಾಂಕವನ್ನಲ್ಲ, ಅದರ ಹಿಂದಿನ ಮೂರು ತಿಂಗಳನ್ನು ನೋಡಬೇಕು. ಆ ಅವಧಿಯಲ್ಲಿ ನಿಮಗೆ ಜ್ವರ ಬಂದಿತ್ತೇ? ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ವೀರ್ಯಾಣು ರೂಪುಗೊಳ್ಳುವ ಹಂತದಲ್ಲಿ ಜ್ವರ ಬಂದಿದ್ದರೆ ಸಂಖ್ಯೆ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ನಮ್ಮಲ್ಲಿ ಮಳೆಗಾಲದ ಬೆನ್ನಲ್ಲೇ ಡೆಂಗಿ, ಚಿಕುನ್‌ಗುನ್ಯಾ ಬರುವುದರಿಂದ ಅದೂ ಒಂದು ಬಗೆಯ ಋತುಮಾನದ ಏರಿಳಿತವೇ, ಆದರೆ ಬೇಸಿಗೆಯದ್ದಲ್ಲ.

ಮತ್ತೊಂದು ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ವೀರ್ಯ ಪರೀಕ್ಷೆಯ ಕೈಪಿಡಿಯಲ್ಲಿ ಐವರು ಆರೋಗ್ಯವಂತರ ಎಣಿಕೆಗಳನ್ನು ಒಂದೂವರೆ ವರ್ಷ ಗುರುತಿಸಿದ ನಕ್ಷೆಯಿದೆ. ಒಬ್ಬನದೇ ಎಣಿಕೆ ಒಂದು ಸಲ ಆಕಾಶದಲ್ಲಿದ್ದರೆ ಇನ್ನೊಂದು ಸಲ ನೆಲದಲ್ಲಿರುತ್ತದೆ. 2021ರ ಆವೃತ್ತಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 16 ಮಿಲಿಯನ್, ಒಟ್ಟು ಚಲನಶೀಲತೆ ಶೇ. 42. ಇವು ಹೆಂಡತಿ ಒಂದು ವರ್ಷದೊಳಗೆ ಗರ್ಭಿಣಿಯಾದ ಗಂಡಸರಲ್ಲಿ ಕೊನೆಯ ಶೇ. 5ರವರ ಅಂಕಿಗಳು. ಇವುಗಳ ಕೆಳಗಿದ್ದವರೂ ತಂದೆಯಾಗುತ್ತಾರೆ, ಮೇಲಿದ್ದವರೂ ಕಾಯುತ್ತಾರೆ. ಒಂದೇ ಮಾದರಿಯಿಂದ ನಿಮ್ಮ ಬಗ್ಗೆ ತೀರ್ಪು ಕೊಡಲು ಬೇಸಿಗೆ ಇರಲಿ, ಚಳಿಗಾಲವೇ ಇರಲಿ, ಆಗುವುದಿಲ್ಲ.

ಕಷಾಯ

ವಾಗ್ಭಟನ ಅಷ್ಟಾಂಗ ಹೃದಯವು ಚಳಿಗಾಲದಲ್ಲಿ ಇಚ್ಛೆಯಂತೆ, ವಸಂತ ಮತ್ತು ಶರದೃತುಗಳಲ್ಲಿ ಮೂರು ದಿನಕ್ಕೊಮ್ಮೆ, ಮಳೆಗಾಲ ಮತ್ತು ಗ್ರೀಷ್ಮದಲ್ಲಿ ಪಕ್ಷಕ್ಕೊಮ್ಮೆ ಸಂಗಮವನ್ನು ಹೇಳುತ್ತದೆ. ಬೇಸಿಗೆಯಲ್ಲಿ ಗಂಡಸಿನ ಬಲ ಕುಗ್ಗುತ್ತದೆಂಬುದನ್ನು ನಮ್ಮವರು ಆಗಲೇ ಬಲ್ಲವರಾಗಿದ್ದರು ಎಂದು ಇದರಿಂದ ಹೇಳಬಹುದಲ್ಲವೇ?

ಅಂತಃಸ್ರಾವ

ದೇಹಬಲವನ್ನು ಕಾಯ್ದುಕೊಳ್ಳಲು ಹೇಳಿದ ದಿನಚರಿ ಅದು, ವೀರ್ಯಾಣುಗಳ ಎಣಿಕೆಯಲ್ಲ. ಮಗು ಬೇಕೆನ್ನುವ ದಂಪತಿ ಬೇಸಿಗೆಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಅಂಡ ಬಿಡುಗಡೆಯಾಗುವ ದಿನಗಳೇ ತಪ್ಪಿಹೋಗಬಹುದು. ಹೆಚ್ಚು ದಿನ ತಡೆದಿಟ್ಟರೆ ಸಂಖ್ಯೆ ಏರಿದರೂ ಚಲನೆ ತಗ್ಗುತ್ತದೆ. ಆ ದಿನಗಳಲ್ಲಿ ದಿನ ಬಿಟ್ಟು ದಿನವಾದರೂ ಕೂಡುವುದು ಒಳ್ಳೆಯದು.

ದುರ್ಗದ ಮಗಳು

ಇಲ್ಲಿಯವರೆಗೆ ಎಲ್ಲರೂ ಗಂಡಸಿನ ಬಗ್ಗೆಯೇ ಬರೆದಿದ್ದೀರಿ. ತುಂಗಭದ್ರಾ ದಂಡೆಯವರೇ, ನಿಮ್ಮ ಮನೆಯವರ ಪರೀಕ್ಷೆಗಳು ಆಗಿವೆಯೇ? ನಮ್ಮ ವಿಷಯದಲ್ಲಿ ಇದರ ತಿರುವುಮುರುವಾಗಿತ್ತು: ವರ್ಷಗಟ್ಟಲೆ ನನಗೊಬ್ಬಳಿಗೇ ಮಾತ್ರೆ, ಸ್ಕ್ಯಾನಿಂಗ್, ಅತ್ತೆಯ ಕಡೆಯ ದೇವರ ಹರಕೆ ಎಲ್ಲ ನಡೆದವು. ಯಜಮಾನರ ವೀರ್ಯ ಪರೀಕ್ಷೆ ಮಾಡಿಸಿದ್ದು ಕಡೆಯಲ್ಲಿ, ತೊಂದರೆ ಇದ್ದದ್ದೂ ಅಲ್ಲೇ. ನಿಮ್ಮ ಭಾವ ದೀಪಾವಳಿ ಕಳೆಯಲಿ ಎನ್ನುವಾಗ ಹೆಂಡತಿಯ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ? ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಇಬ್ಬರನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳುತ್ತಾರೆ. ತಂಪಿನ ಕಾಲ ಬರಲಿ ಎಂದು ಕಾಯುವ ಅವಧಿಯಲ್ಲಿ ಕಳೆದುಹೋಗುವುದು ಅವಳ ತಿಂಗಳುಗಳು.

ತುಂಗಭದ್ರಾ ದಂಡೆ

ಅಕ್ಕಾ, ಅವಳಿಗೆ ಮೂವತ್ತೊಂದು. ಹಾರ್ಮೋನು ಮತ್ತು ಸ್ಕ್ಯಾನಿಂಗ್ ಆಗಿವೆ, ಸರಿಯಿವೆ ಎಂದಿದ್ದಾರೆ. ಗರ್ಭನಾಳದ ಎಕ್ಸ್‌ರೇ ಬಾಕಿಯಿದೆ. ವೈದ್ಯರು ಕೇಳಿದ ಜ್ವರ ನನಗೆ ಬಂದಿರಲಿಲ್ಲ. ಇಂಜೆಕ್ಷನ್ ವಿಚಾರವನ್ನು ಕೈಬಿಟ್ಟಿದ್ದೇನೆ.

ತುಂಗಭದ್ರಾ ದಂಡೆ

ಸೆಪ್ಟೆಂಬರ್ ಮುಗಿಯುತ್ತಿರುವಾಗ ಮತ್ತೆ ಬರೆಯುತ್ತಿದ್ದೇನೆ. ಈ ಬಾರಿ ದೊಡ್ಡ ಊರಿಗೆ ಹೋಗಿ, ಪ್ರಯೋಗಾಲಯದ ಕೋಣೆಯಲ್ಲೇ ಮಾದರಿ ಕೊಟ್ಟೆ. ಮಿಲಿಲೀಟರಿಗೆ 19 ಮಿಲಿಯನ್, ಒಟ್ಟು ಚಲನಶೀಲತೆ ಶೇ. 44. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟಿರಾನ್ 430. ನಡುವೆ ಮಾಲೀಕರಿಗೆ ಹೇಳಿ ಬಾಯ್ಲರ್ ಪಕ್ಕದ ಕೆಲಸದಿಂದ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಕಡೆಗೆ ಬದಲಾಯಿಸಿಕೊಂಡಿದ್ದೇನೆ. ಪರೀಕ್ಷಿಸಿದ ವೈದ್ಯರು ಎಡಭಾಗದಲ್ಲಿ ವೆರಿಕೋಸೀಲ್, ಅಂದರೆ ವೃಷಣದ ರಕ್ತನಾಳಗಳ ಊತ, ಇದೆಯೆಂದೂ ಹೇಳಿದ್ದಾರೆ. ಭಾವ ಗೆದ್ದೆನೆಂದು ಬೀಗುತ್ತಿದ್ದಾರೆ. ಅವರು ಹೇಳಿದ್ದೇ ನಿಜವಾಯಿತೇ?

ಅಂಕಿಅಂಶ

ನಿಮ್ಮ ಭಾವನವರ ಸಂತೋಷಕ್ಕೆ ಅಡ್ಡಬರುವ ಆಸೆಯಿಲ್ಲ, ಆದರೆ ಈ ಎರಡು ವರದಿಗಳ ನಡುವೆ ಋತು ಒಂದೇ ಬದಲಾದದ್ದಲ್ಲ. ಪ್ರಯೋಗಾಲಯ ಬದಲಾಯಿತು, ಮಾದರಿ ತಲುಪಿದ ರೀತಿ ಬದಲಾಯಿತು, ಕೆಲಸದ ಜಾಗ ಬದಲಾಯಿತು, ರಕ್ತ ಕೊಟ್ಟ ಹೊತ್ತು ಬದಲಾಯಿತು. ಇದರ ಮೇಲೆ ಒಬ್ಬನದೇ ಎಣಿಕೆ ತನ್ನಷ್ಟಕ್ಕೆ ಹೊಯ್ದಾಡುವುದೂ ಇದೆ. 11ರಿಂದ 19ಕ್ಕೆ ಏರಲು ಬೇರೇನೂ ಬೇಕಿಲ್ಲ, ಅಷ್ಟೇ ಸಾಕಾಗಬಹುದು.

ಅಂತಃಸ್ರಾವ

ಅಂಕಿಅಂಶದವರ ಮಾತು ಸರಿ. ಟೆಸ್ಟೋಸ್ಟಿರಾನ್ 280ರಿಂದ 430ಕ್ಕೆ ಏರಿದ್ದಕ್ಕೆ ಗಡಿಯಾರವೇ ಸಾಕಷ್ಟು ಕಾರಣ. ವೆರಿಕೋಸೀಲ್ ಮಾತ್ರ ಋತುವಿನೊಂದಿಗೆ ಬಂದು ಹೋಗುವಂಥದ್ದಲ್ಲ. ಗಂಡಸರಲ್ಲಿ ನೂರಕ್ಕೆ ಹದಿನೈದು ಜನರಿಗೆ ಅದು ಇದ್ದೇ ಇರುತ್ತದೆ, ಮಕ್ಕಳಾಗದೆ ಪರೀಕ್ಷೆಗೆ ಬರುವವರಲ್ಲಿ ಸುಮಾರು ಮೂವತ್ತೈದು ಜನರಿಗೆ. ಊದಿದ ನಾಳಗಳಲ್ಲಿ ರಕ್ತ ನಿಂತು ವೃಷಣದ ತಂಪನ್ನು ಕೆಡಿಸುತ್ತದೆ, ಅಂದರೆ ನಿಮಗೆ ಬಾಯ್ಲರಿನ ಶಾಖ, ಬಿಸಿಲಿನ ಶಾಖದ ಜೊತೆಗೆ ಒಳಗಿನದೂ ಒಂದಿತ್ತು. ಕೈಗೆ ತಿಳಿಯುವಷ್ಟು ದೊಡ್ಡದಿದ್ದು, ಎಣಿಕೆ ಮತ್ತೆ ಕೆಳಮಿತಿಗಿಂತ ಇಳಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಈಗಿನ ಅಂಕಿಗಳಿಗೆ ಅವಸರವಿಲ್ಲ. ಡಿಸೆಂಬರಿನಲ್ಲಿ, ಅದೇ ಪ್ರಯೋಗಾಲಯದಲ್ಲಿ, ಅಷ್ಟೇ ದಿನಗಳ ಅಂತರವಿಟ್ಟು ಇನ್ನೊಂದು ಮಾದರಿ ಕೊಡಿ. ಅಲ್ಲಿಯವರೆಗೆ ಪ್ರಯತ್ನ ನಿಲ್ಲಿಸಬೇಡಿ. ನಿಮ್ಮ ಮನೆಯವರ ಗರ್ಭನಾಳದ ಎಕ್ಸ್‌ರೇಯನ್ನು ಮಾತ್ರ ಮುಂದೂಡದೆ, ಆ ತಿಂಗಳ ಮುಟ್ಟಿನ ರಕ್ತಸ್ರಾವ ನಿಂತ ಮೇಲೆ ಅಂಡ ಬಿಡುಗಡೆಗೆ ಮುಂಚಿನ ದಿನಗಳಲ್ಲಿ ಮಾಡಿಸಿಬಿಡಿ.

ತುಂಗಭದ್ರಾ ದಂಡೆ

ಆಗಲಿ ಸರ್. ಎಕ್ಸ್‌ರೇಗೆ ಈ ತಿಂಗಳೇ ಹೆಸರು ಬರೆಸುತ್ತೇವೆ. ವರದಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.